‘ಮಕಾಡೆ ಮಲಗೋದು’ ಕುಸ್ತಿಯಿಂದ ಬಂದ ಮಾತಾ?

ಹಾಸನದ ಹುಡುಗಿ:
ಸಿನಿಮಾ ಓಡದಿದ್ರೆ ‘ಮಕಾಡೆ ಮಲಗ್ತು’, ಟೀಮ್ ಸೋತ್ರೆ ಮಕಾಡೆ, ಎಲೆಕ್ಷನ್ನಲ್ಲಿ ಸೋತವರೂ ಮಕಾಡೆ. ಇದು ಗರಡಿಮನೆ ಮಾತು, ಸೋತ ಪೈಲ್ವಾನ ಹಾಗೇ ಬೀಳ್ತಾನೆ ಅಂತ ಆಫೀಸಲ್ಲಿ ಒಬ್ಬರು ಹೇಳಿದ್ರು. ನಮ್ಮಜ್ಜಿ ಬಾಯಲ್ಲಿ ಕೇಳಿದ್ದು ‘ಉಂಡ್ಬುಟ್ಟು ಮಕಾಡೆ ಮಲಗ್‌ಬ್ಯಾಡ’ ಅಂತ ಬೈಯೋದು ಮಾತ್ರ. ಗೊತ್ತಿದ್ದವರು ತಿಳಿಸಿ.

ಮಟ್ಟಿಮಣ್ಣು, ಮೈಸೂರು:
ಗರಡಿಯಿಂದ ಬಂದಿರೋಕೆ ಸಾಧ್ಯವೇ ಇಲ್ಲಮ್ಮ. ಮೈಸೂರಿನ ಗರಡೀಲೇ ಸಾಮು ಮಾಡಿ ಬೆಳೆದವನು ನಾನು. ನಾಡಕುಸ್ತೀಲಿ ಸೋಲು ಅಂದ್ರೆ ಬೆನ್ನು ಮಣ್ಣಿಗೆ ತಾಗಬೇಕು. ಅದೇ ‘ಚಿತ್’. ಹಿಂದೀಲೂ ಚಿತ್ ಅಂದ್ರೆ ಅಂಗಾತ, ಪಟ್ ಅಂದ್ರೆ ಬೋರಲು. ಮಕಾಡೆ, ಅಂದ್ರೆ ಬೋರಲು ಬಿದ್ದವನು ಇನ್ನೂ ಸೋತಿಲ್ಲ!

ಕೆಳಗೆ ಸಿಕ್ಕಿಕೊಂಡವನು ಬೇಕಂತಲೇ ಬೋರಲಾಗ್ತಾನೆ. ಎದೆ, ಹೊಟ್ಟೇನ ಮಟ್ಟಿಗೆ, ಅಂದ್ರೆ ಅಖಾಡದ ಮಣ್ಣಿಗೆ ಒತ್ತಿ, ಮೊಣಕೈ ಪಕ್ಕೆಗೆ ಸೇರಿಸಿ, ಕಾಲು ಅಗಲಿಸಿ ನೆಲ ಕಚ್ಚಿಕೊಳ್ತಾನೆ. ಮೇಲಿನವನು ಚಡ್ಡಿ ಹಿಡಿದು ಎತ್ತಿ ಮಗುಚೋಕೆ ನೋಡ್ತಾನೆ, ಕತ್ತಿನ ಮೇಲೆ ಮೊಣಕೈ ಊರ್ತಾನೆ. ಬೆವರಿಗೆ ಕೆಮ್ಮಣ್ಣು ಮೆತ್ತಿ ಕಣ್ಣು ಉರಿಯುತ್ತೆ, ಉಸಿರು ಕಟ್ಟುತ್ತೆ. ಆದ್ರೂ ಬೆನ್ನು ಕೊಡಲ್ಲ. ದಸರೇಲಿ ದೊಡ್ಡಕೆರೆ ಮೈದಾನದ ಕುಸ್ತಿಗೆ ಬನ್ನಿ, ಇಂಥ ಹುಡುಗರನ್ನ ಕಣ್ಣಾರೆ ನೋಡ್ತೀರ. ಅಷ್ಟು ಹೊತ್ತು ತಡ್ಕೊಂಡವನ ಭಂಗಿಗೆ ಸೋಲು ಅಂತ ಹೆಸರಿಟ್ರೆ ನನಗೆ ನಿಜವಾಗಲೂ ಸಂಕಟ ಆಗುತ್ತೆ.

ಧಾರವಾಡದಾಂವ:
ನಮ್ಮ ಕಡೆ ಮಕಾಡೆ ಅನ್ನೂದಿಲ್ರಿ, ‘ಡಬ್ಬ ಬಿದ್ದ’ ಅಂತೀವಿ. ಆದ್ರ ನಂದೊಂದು ಪ್ರಶ್ನೆ. ‘ಮಣ್ಣು ಮುಕ್ಕಿಸಿದ’ ಅನ್ನೂದು ಕುಸ್ತಿ ಮಾತು ಹೌದಲ್ರಿ? ಅಂಗಾತ ಬಿದ್ದಾಂವ ಮಣ್ಣು ಹೆಂಗ ಮುಕ್ಕತಾನ? ಬಾಯಿಗೆ ಮಣ್ಣು ಹೋಗಬೇಕಂದ್ರ ಡಬ್ಬನ ಬೀಳಬೇಕು.

ಮಟ್ಟಿಮಣ್ಣು, ಮೈಸೂರು:
ಸರಿಯಾಗಿ ಹಿಡಿದ್ರಿ ಅಣ್ಣಾ. ಮಣ್ಣು ಮುಕ್ಕಿಸೋದು ಚಿತ್‌ಗಿಂತ ಮೊದಲಿನ ಕೆಲಸ. ಬೋರಲಾದವನ ತಲೆ ಒತ್ತಿ, ಸುಸ್ತು ಮಾಡಿ, ಆಮೇಲೆ ಮಗುಚೋದು. ಜನ ಆ ನಡುವಿನ ಘಟ್ಟವನ್ನೇ ಪೂರ್ತಿ ಸೋಲಿಗೆ ಬಳಸಿದ್ರು ಅಂತ ನಾನು ತಿಳ್ಕೊಂಡಿದೀನಿ.

ಮಕಾಡೆ ಮಾತ್ರ ಬೇರೆ ದಾರಿಯದು. ಮಕ ಅಂದ್ರೆ ಮುಖ, ಮುಖ ಕೆಳಗಾಗಿ ಬೀಳೋದು. ಎಡವಿದವನು ಹಾಗೇ ಬೀಳ್ತಾನೆ. ‘ಮುಗ್ಗರಿಸಿದ’ ಅಂತ ಪೇಪರಲ್ಲಿ ಹಾಕ್ತಾರಲ್ಲ, ಅದರ ಜೊತೆಯ ಮಾತಿದು. ಯಾರೂ ಕೆಡವಿರೋದಿಲ್ಲ, ತಾನಾಗೇ ಬಿದ್ದಿರ್ತಾನೆ. ಸಿನಿಮಾ ಮಕಾಡೆ ಮಲಗ್ತು ಅಂತೀವೇ ಹೊರತು ಸಿನಿಮಾ ಚಿತ್ ಆಯ್ತು ಅಂತ ಯಾರಾದ್ರೂ ಅಂದಿದ್ದು ಕೇಳಿದೀರಾ? ಚಿತ್ ಮಾಡೋಕೆ ಎದುರಾಳಿ ಬೇಕು.

ಹಾಸನದ ಹುಡುಗಿ:
ಹಾಗಾದ್ರೆ ಎಲೆಕ್ಷನ್‌ಗೆ?

ಮಟ್ಟಿಮಣ್ಣು, ಮೈಸೂರು:
ಅಲ್ಲಿ ಎದುರಾಳಿ ಇದಾನೆ, ಚಿತ್ ಅನ್ನಿ. ಚಲಾವಣೆಯಾದ ಮತದಲ್ಲಿ ಆರನೇ ಒಂದು ಭಾಗ ದಾಟದೆ ಠೇವಣಿನೂ ಕಳ್ಕೊಂಡ್ರೆ ‘ಮಣ್ಣು ಮುಕ್ಕಿದ’ ಅಂದ್ರೂ ಒಪ್ತೀನಿ.