ಇಂಗ್ಲಿಷ್ ವಿಭಾಗದಲ್ಲಿ ವಿಜ್ಞಾನ ಪಾಠ: ನೀವು ಹೇಗೆ ಕಲಿಸುತ್ತೀರಿ?

ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ ನಾನು. ಈ ವರ್ಷ 9ನೇ ತರಗತಿಯ ಇಂಗ್ಲಿಷ್ ಮಾಧ್ಯಮ ವಿಭಾಗ ನನಗೆ ಬಂದಿದೆ. ಮಕ್ಕಳೆಲ್ಲ 7ರವರೆಗೆ ಕನ್ನಡದಲ್ಲೇ ಓದಿದವರು. ಒಂದು ಸಾಲು ಇಂಗ್ಲಿಷ್ ಓದಿ, ಕನ್ನಡದಲ್ಲಿ ಅರ್ಥ ಹೇಳಿ, ಪ್ರಶ್ನೋತ್ತರ ಬರೆಸುತ್ತೇನೆ. ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಆದರೆ ಒಬ್ಬರೂ ಪ್ರಶ್ನೆ ಕೇಳುವುದಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಪ್ರೌಢಶಾಲಾ ಶಿಕ್ಷಕ, ತುಮಕೂರು ಜಿಲ್ಲೆ

ಮೇಡಂ, ನಾನೂ ಬಹಳ ವರ್ಷ ಹಾಗೇ ಮಾಡಿದವನು. ಸಾಲಿಗೊಂದು ಅರ್ಥ ಹೇಳುತ್ತಾ ಹೋದರೆ ಮಕ್ಕಳು ಕನ್ನಡ ಬರುವವರೆಗೆ ಸುಮ್ಮನೆ ಕಾಯುತ್ತಾರೆ, ಇಂಗ್ಲಿಷ್ ಸಾಲು ಕಿವಿಗೇ ಬೀಳುವುದಿಲ್ಲ. ಈಗ ಮೊದಲ ಎರಡು ಪೀರಿಯಡ್ ಪುಸ್ತಕ ತೆರೆಸುವುದೇ ಇಲ್ಲ. ಕನ್ನಡದಲ್ಲಿ ಮಾತು, ಪ್ರಯೋಗ, ಜಗಳ.

ಆಮ್ಲ ಪ್ರತ್ಯಾಮ್ಲದ ಪಾಠಕ್ಕೆ ಒಂದು ತಟ್ಟೆ ಅರಿಶಿನದ ನೀರು, ಎಲೆಅಡಿಕೆಯ ಸುಣ್ಣ, ನಿಂಬೆಹಣ್ಣು ಸಾಕು. ಸುಣ್ಣ ಕದಡಿದರೆ ನೀರು ಕೆಂಪಾಗುವುದನ್ನು ಮಕ್ಕಳು ಮನೆಯ ಆರತಿ ತಟ್ಟೆಯಲ್ಲೇ ನೋಡಿರುತ್ತಾರೆ. ನಿಂಬೆರಸ ಹಿಂಡುವ ಮೊದಲು ಏನಾಗಬಹುದು ಹೇಳಿ ಎಂದೆ. ಮತ್ತೆ ಹಳದಿಗೆ ತಿರುಗಿತು. ವರ್ಷವೆಲ್ಲ ಬಾಯಿ ಬಿಡದ ಹುಡುಗ "ಇನ್ನೊಂಚೂರು ಸುಣ್ಣ ಹಾಕಿದ್ರೆ ಸಾರ್?" ಎಂದ. ಇಂಡಿಕೇಟರ್, ಆಸಿಡ್, ಬೇಸ್ ಎಂಬ ಹೆಸರು ಬೋರ್ಡಿಗೆ ಬಂದದ್ದು ಅದಾದ ಮೇಲೆ.

ಆದರೆ ಕನ್ನಡದಲ್ಲಿ ಹೇಳಿದ ಮಾತ್ರಕ್ಕೆ ಅರ್ಥವಾಯಿತು ಎಂದುಕೊಳ್ಳಬೇಡಿ. ನಿಮ್ಮ ಚಲನೆಯ ಪಾಠವನ್ನೇ ನೋಡಿ. ಕನ್ನಡ ಪುಸ್ತಕದಲ್ಲಿ ಸ್ಪೀಡ್ ಅಂದರೆ ಜವ, ವೆಲಾಸಿಟಿ ಅಂದರೆ ವೇಗ. ರಸ್ತೆ ಬದಿಯ ಫಲಕದಲ್ಲಿ "ವೇಗ ಮಿತಿ 40" ಎಂದಿರುತ್ತದೆ, ಅಲ್ಲಿ ವೇಗ ಅಂದರೆ ಸ್ಪೀಡೇ. ಜವ ಎಂದರೆ ಮಕ್ಕಳಿಗೆ ನೆನಪಾಗುವುದು ಜವರಾಯ. ನಾನು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸಿಗೆ ಹೋದಾಗ ಎಡವಿದ್ದು ಇಲ್ಲೇ.

ಅದಕ್ಕೆ ಮೈದಾನಕ್ಕೆ ಕರೆದುಕೊಂಡು ಹೋಗಿ. 200 ಮೀಟರಿನ ಒಂದು ಸುತ್ತನ್ನು ಯಾರಾದರೂ 50 ಸೆಕೆಂಡಿನಲ್ಲಿ ಓಡಲಿ. ಸರಾಸರಿ ಜವ ಸೆಕೆಂಡಿಗೆ 4 ಮೀಟರ್. ಹೊರಟಲ್ಲಿಗೇ ಬಂದು ನಿಂತದ್ದರಿಂದ ಸ್ಥಾನಪಲ್ಲಟ, ಅಂದರೆ ಹೊರಟ ಜಾಗದಿಂದ ನಿಂತ ಜಾಗಕ್ಕೆ ಇರುವ ನೇರ ದೂರ, ಸೊನ್ನೆ. ವೇಗದ ಲೆಕ್ಕ ಹಾಕುವುದು ಅದರಿಂದಲೇ, ಹಾಗಾಗಿ ಸರಾಸರಿ ವೇಗವೂ ಸೊನ್ನೆ. "ಇಷ್ಟು ಓಡಿದ್ದು ಸೊನ್ನೆನಾ?" ಎಂದು ಓಡಿದವಳೇ ಕೇಳುತ್ತಾಳೆ. ಆ ಪ್ರಶ್ನೆ ಕನ್ನಡದಲ್ಲೇ ಇರಲಿ, ತಡೆಯಬೇಡಿ.

ಶಿಕ್ಷಕಿ, ಪಾವಗಡ ಕಡೆಯಿಂದ

ನಮ್ಮಲ್ಲಿ ಬಹಳ ಮಕ್ಕಳ ಮನೆಮಾತು ತೆಲುಗು. ವಿದ್ಯುತ್ ಪಾಠದಲ್ಲಿ ತಂತಿ ಯಾವುದರದ್ದು ಎಂದು ಕೇಳಿದಾಗ ಒಬ್ಬಳು "ರಾಗಿದು ಮಿಸ್" ಎಂದಳು. ತರಗತಿ ನಕ್ಕಿತು, ನಾನೂ ಗದರಿದೆ. ತೆಲುಗಿನಲ್ಲಿ ತಾಮ್ರಕ್ಕೆ ರಾಗಿ ಎನ್ನುತ್ತಾರೆ ಎಂದು ಸಂಜೆ ಸಹೋದ್ಯೋಗಿಯೊಬ್ಬರು ಹೇಳಿದರು. ಅವಳ ಉತ್ತರ ಸರಿಯೇ ಇತ್ತು. ಮರುದಿನ ಎಲ್ಲರೆದುರು ಹೇಳಿ ಸರಿಪಡಿಸಿದೆನಾದರೂ ಅವಳು ಮತ್ತೆ ಕೈ ಎತ್ತಲು ತಿಂಗಳು ಬೇಕಾಯಿತು. ಈಗ ಗೋಡೆಯ ಪದಪಟ್ಟಿಯಲ್ಲಿ ಮೂರು ಸಾಲು: ಮನೆಮಾತು, ಕನ್ನಡ, ಇಂಗ್ಲಿಷ್. ಮೊದಲ ಸಾಲು ಮಕ್ಕಳೇ ಬರೆಯುತ್ತಾರೆ.

ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಶಿಕ್ಷಕರ ತರಬೇತಿ ನಡೆಸುವವರು

ತರಬೇತಿಯಲ್ಲಿ ನಾವು ಬಹಳ ಕಾಲ ಇಂಗ್ಲಿಷ್ ವ್ಯಾಕರಣ, ಉಚ್ಚಾರಣೆಯ ಮೇಲೇ ದಿನ ಕಳೆದೆವು. ವಿಜ್ಞಾನದ ತರಗತಿಗೆ ಅಷ್ಟು ಬೇಕಿಲ್ಲ. "ವಾಟ್ ಡು ಯು ಸೀ", "ಇಟ್ ಚೇಂಜ್ಡ್ ಬಿಕಾಸ್" ಥರದ ಹತ್ತಿಪ್ಪತ್ತು ವಾಕ್ಯಗಳು ಬಾಯಲ್ಲಿ ಕುಳಿತರೆ ಪಾಠ ನಡೆಯುತ್ತದೆ. ಅದಕ್ಕೆ ಈಗ ಇಬ್ಬಿಬ್ಬರು ಶಿಕ್ಷಕರನ್ನು ಕೂರಿಸುತ್ತೇವೆ. ಒಬ್ಬರು ಪ್ರಯೋಗ ಮಾಡುತ್ತಾ ಇಂಗ್ಲಿಷಿನಲ್ಲಿ ಹೇಳಬೇಕು. ಇನ್ನೊಬ್ಬರು ಮಗುವಿನಂತೆ ಕನ್ನಡದಲ್ಲಿ ಅಡ್ಡಪ್ರಶ್ನೆ ಹಾಕಬೇಕು. ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ, ತಡವರಿಸುವುದು ಭಾಷೆಯಲ್ಲೋ ವಿಷಯದಲ್ಲೋ ಎಂದು. ಬಹಳ ಸಲ ವಿಷಯದಲ್ಲೇ. ಮೇಡಂ, ನಿಮ್ಮ ಶಾಲೆಯ ಗಣಿತದವರ ಜೊತೆಯೂ ಇದನ್ನು ಮಾಡಬಹುದು.

ಕನ್ನಡ ಮಾತಾಡಿದರೆ ಮೇಲಿನವರು ಏನೆಂದಾರೋ ಎಂಬ ಅಳುಕು ಹಲವರಿಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಗಣಿತ, ವಿಜ್ಞಾನಕ್ಕೆ ದ್ವಿಭಾಷಾ ಪುಸ್ತಕ ಬೇಕು, ಮಕ್ಕಳು ಎರಡೂ ಭಾಷೆಯಲ್ಲಿ ಯೋಚಿಸಿ ಮಾತಾಡುವಂತಾಗಬೇಕು ಎನ್ನುತ್ತದೆ. ವೇಲ್ಸ್‌ನಲ್ಲಿ ಇಂಗ್ಲಿಷ್ ಮತ್ತು ವೆಲ್ಷ್ ಎರಡರಲ್ಲೂ ಕಲಿಸುವವರು ಒಂದು ಭಾಷೆಯಲ್ಲಿ ಓದಿಸಿ ಇನ್ನೊಂದರಲ್ಲಿ ಬರೆಸುವುದನ್ನು 1990ರ ದಶಕದಲ್ಲೇ ಬೋಧನಾ ಕ್ರಮವಾಗಿ ಬೆಳೆಸಿದರು. ನೀವೂ ಹಾಗೆ ಮಾಡಿ. ಉತ್ತರವನ್ನು ಮೊದಲು ಕನ್ನಡದಲ್ಲಿ ಪಕ್ಕದವರಿಗೆ ಹೇಳಲಿ, ಆಮೇಲೆ ಬೋರ್ಡಿನ ಮೇಲಿನ ನಾಲ್ಕು ಪದ ಹಿಡಿದು ಇಂಗ್ಲಿಷಿನಲ್ಲಿ ಬರೆಯಲಿ. ಮೊದಲ ಸಲ ಬರೆದದ್ದರಲ್ಲಿ ಸ್ಪೆಲ್ಲಿಂಗಿಗೆ ಕೆಂಪು ಶಾಯಿ ಬೇಡ.

ಪ್ರಶ್ನೆ ಕೇಳಿದ ಶಿಕ್ಷಕಿ

ಎಲ್ಲರಿಗೂ ತುಂಬಾ ಧನ್ಯವಾದ. ಸೋಮವಾರ ಚಲನೆಯ ಪಾಠ ಶುರು ಮಾಡುತ್ತಿದ್ದೇನೆ. ಸರ್, ನಮ್ಮಲ್ಲಿ ಮೈದಾನ ಇಲ್ಲ. ಶಾಲೆ ಕಟ್ಟಡದ ಸುತ್ತ ಓಡಿಸಬಹುದಾ?

ಪ್ರೌಢಶಾಲಾ ಶಿಕ್ಷಕ, ತುಮಕೂರು ಜಿಲ್ಲೆ

ಧಾರಾಳವಾಗಿ. ಮೊದಲು ಮಕ್ಕಳ ಕೈಯಲ್ಲೇ ಹಗ್ಗದಿಂದ ಸುತ್ತಳತೆ ಅಳೆಸಿ. ಹೊರಟ ಜಾಗಕ್ಕೆ ಸುಣ್ಣದ ಗೆರೆ ಎಳೆಯಿರಿ, ಓಡಿದವರು ಸರಿಯಾಗಿ ಅದರ ಮೇಲೇ ಬಂದು ನಿಲ್ಲಬೇಕು.