ಓದುಗರ ಸ್ಪಂದನ: ಬೇಸ್ ಗಿಟಾರ್ ಹಿಡಿದು ಹೊರಟ ಮಗ

(ಸಮಸ್ಯೆ: ಒಬ್ಬನೇ ಮಗ, ಬೆಂಗಳೂರಿನಲ್ಲಿ ಎಂಜಿನಿಯರ್. ಹೆವಿ ಮೆಟಲ್ (ಅಬ್ಬರದ ರಾಕ್ ಸಂಗೀತ) ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ. ಯುರೋಪಿನಲ್ಲಿ ಮೂರು ವಾರದ ಟೂರ್ ಸಿಕ್ಕಿದೆ, ಕೆಲಸ ಬಿಡುತ್ತೇನೆ ಅನ್ನುತ್ತಿದ್ದಾನೆ. ಇಲ್ಲಿ ತೋಟ ನೋಡುವವರಿಲ್ಲ. ಏನು ಮಾಡಲಿ? – ಒಬ್ಬ ತಾಯಿ, ಶಿರಸಿ ತಾಲೂಕು)

ಅಕ್ಕಾ, ನಾನೂ ಬೆಂಗಳೂರಿನ ಬ್ಯಾಂಡಿನಲ್ಲಿ ಬೇಸ್ ನುಡಿಸಿದವನೇ. ಮಗ ಹಾಳಾಗ್ತಾನೆ ಅನ್ನೋ ಹೆದರಿಕೆ ಬಿಡಿ. ಬೆಂಗಳೂರಿನ ಕ್ರಿಪ್ಟೋಸ್ ಅನ್ನೋ ಮೆಟಲ್ ಬ್ಯಾಂಡ್ 1998ರಲ್ಲಿ ಶುರುವಾಗಿ 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಸಂಗೀತೋತ್ಸವದ ವೇದಿಕೆ ಹತ್ತಿತು. ನಡುವೆ 15 ವರ್ಷ ಕಳೆದಿತ್ತು, ಅದನ್ನೂ ಮಗನಿಗೆ ಹೇಳಿ.

ಕೇಳಬೇಕಾದ್ದು ದುಡ್ಡಿನ ಮಾತು. ಅವನು ಬ್ಯಾಂಡಿನ ಪಾಲುದಾರನೋ, ಶೋಗೆ ಇಷ್ಟು ಅಂತ ತಗೊಳ್ಳುವವನೋ? ಪಾಲುದಾರನಾದರೆ ಶೋನಲ್ಲಿ ಬ್ಯಾಂಡ್ ಹೆಸರಿನ ಟೀ ಶರ್ಟ್ ಮಾರಿದ ದುಡ್ಡಲ್ಲಿ ಪಾಲಿದೆ, ವ್ಯಾನ್ ಬಾಡಿಗೆಯ ಸಾಲದಲ್ಲೂ ಪಾಲಿದೆ. ಸಣ್ಣ ಬ್ಯಾಂಡುಗಳಿಗೆ ಎಷ್ಟೋ ರಾತ್ರಿ ಊಟದ ಖರ್ಚು ಹುಟ್ಟೋದು ಆ ಟೀ ಶರ್ಟಿನಿಂದಲೇ. ಹಾಡು ಕಟ್ಟುವುದರಲ್ಲಿ ಅವನ ಹೆಸರಿದೆಯಾ? ಇಂಗ್ಲೆಂಡಿನ ಹೆಸರಾಂತ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ಕೂಡ ಬೇಸ್ ವಾದಕರೇ. 1975ರಲ್ಲಿ ಬ್ಯಾಂಡ್ ಕಟ್ಟಿದವರೂ ಅವರೇ, ಹೆಚ್ಚಿನ ಹಾಡು ಬರೆದವರೂ ಅವರೇ. ಬರೆದವನಿಗೆ ರಾಯಲ್ಟಿ ಬರ್ತಾ ಇರುತ್ತದೆ. ಬರೀ ನುಡಿಸಿದವನಿಗೆ ಶೋ ಮುಗಿದರೆ ಮುಗೀತು.

ಮತ್ತೆ ಕಿವಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು, 100 ಡೆಸಿಬಲ್ ಆದರೆ 15 ನಿಮಿಷ ಅಷ್ಟೇ ಅನ್ನೋದು ತಜ್ಞರ ಲೆಕ್ಕ. ಮೆಟಲ್ ವೇದಿಕೆ 100ನ್ನು ಸಲೀಸಾಗಿ ದಾಟುತ್ತದೆ. ಬೇಸ್ ನುಡಿಸುವವನು ಸಾಮಾನ್ಯವಾಗಿ ಡ್ರಮ್ ಪಕ್ಕದಲ್ಲೇ ನಿಲ್ಲೋದು, ಡ್ರಮ್ ಜೊತೆಗಿನ ಲೋಹದ ತಟ್ಟೆ ಸಿಂಬಲ್‌ನ ಸದ್ದು ನೇರ ಕಿವಿಗೇ ಬಡಿಯುತ್ತದೆ. ಸಂಗೀತಗಾರರ ಇಯರ್‌ಪ್ಲಗ್ ಕೊಡಿಸಿ. ಗುಂಯ್ ಅನ್ನೋ ಸದ್ದು ಕಿವಿಯಲ್ಲಿ ಮನೆ ಮಾಡಿದರೆ ಹೋಗೋದು ಕಷ್ಟ.
– ಹಳೇ ಬೇಸ್ ವಾದಕ, ಶಿರಸಿ

ನಮ್ಮ ಅಪ್ಪಯ್ಯ ಯಕ್ಷಗಾನ ಮೇಳದ ಮದ್ದಳೆಗಾರ. ದೀಪಾವಳಿ ಕಳೆದು ಹೊರಟರೆ ಮಳೆ ಹಿಡಿಯೋ ತನಕ ತಿರುಗಾಟ. ರಾತ್ರಿಯಿಡೀ ಆಟ, ಬೆಳಿಗ್ಗೆ ಗಾಡಿಯಲ್ಲೇ ನಿದ್ದೆ. ಇಲ್ಲೇ ಗುಣವಂತೆಯ ಕೆರೆಮನೆ ಮೇಳ 1934ರಿಂದ ನಡೆದು ಬಂದಿದೆ, ವಿದೇಶಕ್ಕೂ ಹೋಗಿ ಬಂದಿದೆ. ಚೆಂಡೆಗೆ ತಲೆದೂಗುವ ನಾವು ಡ್ರಮ್ ಅಂದರೆ ಮುಖ ಸಿಂಡರಿಸೋದು ಯಾಕೋ! ಆದರೆ ನಮ್ಮ ಆಯಿ (ಅಮ್ಮ) ಲೆಕ್ಕದಲ್ಲಿ ಗಟ್ಟಿ. ಮೇಳದ ಮುಂಗಡ ಕೈಗೆ ಬಂತೋ, ಮೊದಲು ಮಳೆಗಾಲದ ಅಕ್ಕಿ ಮನೆ ಸೇರಬೇಕು. ಟೂರ್ ಇಲ್ಲದ ತಿಂಗಳು ಹೇಗೆ ಅಂತ ಮಗನ ಕೈಯಲ್ಲೇ ಬರೆಸಿ.
– ಓದುಗಿ, ಹೊನ್ನಾವರ

ಸುಮ್ನೆ ಹುರಿದುಂಬಿಸಬೇಡಿ. ಮೂರು ವಾರಕ್ಕೆ ರಾಜೀನಾಮೆ ಯಾಕೆ? ಸಂಬಳವಿಲ್ಲದ ರಜೆ ಕೇಳಲಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ ಹೆಚ್ಚೆಂದರೆ 90 ದಿನ ಇರಬಹುದು. ದುಡ್ಡು ಪಡೆದು ನುಡಿಸಲು ಕೆಲವು ದೇಶಗಳಲ್ಲಿ ಬೇರೆ ಪರವಾನಗಿಯೂ ಬೇಕು. ಅರ್ಜಿಗೆ ನೌಕರಿಯ ಪತ್ರ, ಸಂಬಳದ ಚೀಟಿ ಇದ್ದರೆ ಒಳ್ಳೆಯದೇ ಅಲ್ವಾ? ವೀಸಾ ಬರೋ ಮೊದಲೇ ಕೆಲಸ ಬಿಟ್ಟರೆ ಎರಡೂ ಕೈ ತಪ್ಪೀತು.
– ನಿವೃತ್ತ ಗುಮಾಸ್ತ, ಕಾರವಾರ

ತೋಟದ ಚಿಂತೆಗೆ ಈ ವರ್ಷ ಫಸಲು ಗುತ್ತಿಗೆ ಕೊಡಿ. ಅಂದಹಾಗೆ, ಎಂಜಿನಿಯರ್ ಆಗಿದ್ದಷ್ಟು ದಿನ ಅವನು ಅಡಿಕೆ ಕೊನೆ ಕೊಯ್ಲಿಗೆ ಬಂದಿದ್ದನಾ?
– ಕೃಷಿಕ, ಸಿದ್ದಾಪುರ