ಭತ್ತದ ಗದ್ದೆ, ಮಿಥೇನ್ ಮತ್ತು ನೀರಿನ ಲೆಕ್ಕ: ತುಂಗಭದ್ರಾ ಅಚ್ಚುಕಟ್ಟಿನ ಪ್ರಶ್ನೋತ್ತರ

ಪ್ರಶ್ನೆ (ಗಂಗಾವತಿ ಕಡೆಯ ಸದಸ್ಯರು): ನಮ್ಮೂರಿಗೆ ಒಂದು ಕಂಪನಿಯವರು ಬಂದು, ಭತ್ತದ ಗದ್ದೆಯಿಂದ ಮಿಥೇನ್ ಅನಿಲ ಬರುತ್ತೆ, ಅದರಿಂದ ಭೂಮಿ ಬಿಸಿಯಾಗುತ್ತೆ, ನೀರು ನಿಲ್ಲಿಸೋದು ಕಡಿಮೆ ಮಾಡಿದ್ರೆ ದುಡ್ಡು ಕೊಡ್ತೀವಿ ಅಂದ್ರು. ಕಲ್ಲಿದ್ದಲು ಸುಡೋರನ್ನ ಬಿಟ್ಟು ನಮ್ಮ ಗದ್ದೆಗೆ ಯಾಕೆ ಬಂದ್ರು? ನೀರು ನಿಂತರೆ ಅನಿಲ ಹೆಂಗೆ ಬರುತ್ತೆ?

ಉತ್ತರ (ಮಣ್ಣು ವಿಜ್ಞಾನಿ): ಯಾರ ಪಾಲು ಎಷ್ಟು ಎನ್ನುವುದು ಮೊದಲು ಗೊತ್ತಿರಲಿ. ಭಾರತ ವಿಶ್ವಸಂಸ್ಥೆಗೆ ಕೊಟ್ಟ 2020ನೇ ವರ್ಷದ ಲೆಕ್ಕದಲ್ಲಿ ಹಸಿರುಮನೆ ಅನಿಲಗಳ ಪೈಕಿ ನೂರಕ್ಕೆ 75ಕ್ಕಿಂತ ಹೆಚ್ಚು ಪಾಲು ಇಂಧನ ವಲಯದಿಂದ, ಮುಖ್ಯವಾಗಿ ಇಂಧನ ಸುಡುವುದರಿಂದ ಬಂದದ್ದು. ಇಡೀ ಕೃಷಿಯದು 14ರ ಹತ್ತಿರ, ಅದರಲ್ಲೂ ದೊಡ್ಡ ಭಾಗ ದನಕರುಗಳದ್ದು. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಕಡಿಮೆಯಾಗದೆ ಭೂಮಿ ತಣ್ಣಗಾಗುವುದಿಲ್ಲ. ಇದರಲ್ಲಿ ಎರಡು ಮಾತಿಲ್ಲ.

ಹಾಗಾದರೆ ಗದ್ದೆಯ ಮಾತು ಯಾಕೆ? ಮಿಥೇನ್ ಗಾಳಿಯಲ್ಲಿ ಉಳಿಯುವುದು ಸುಮಾರು 12 ವರ್ಷ ಮಾತ್ರ, ಆದರೆ ಅಷ್ಟರಲ್ಲೇ ವಿಪರೀತ ಶಾಖ ಹಿಡಿಯುತ್ತದೆ. 20 ವರ್ಷದ ಲೆಕ್ಕದಲ್ಲಿ ಒಂದು ಕೆಜಿ ಮಿಥೇನ್ ಸುಮಾರು 80 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ, ನೂರು ವರ್ಷದ ಲೆಕ್ಕದಲ್ಲಿ 27 ಕೆಜಿಗೆ ಸಮ. ಇಂದು ಕಡಿಮೆ ಮಾಡಿದರೆ ನಮ್ಮ ಕಾಲದಲ್ಲೇ ಫಲ ಕಾಣುತ್ತದೆ. ಜಗತ್ತಿನಲ್ಲಿ ಮನುಷ್ಯರಿಂದಾಗುವ ಮಿಥೇನ್‌ನಲ್ಲಿ ಭತ್ತದ್ದು ಸುಮಾರು ನೂರಕ್ಕೆ 8.

ಅದು ಹುಟ್ಟುವ ಬಗೆ ಹೀಗೆ. ನೀರು ನಿಂತ ಕೂಡಲೇ ಮಣ್ಣಿನೊಳಗೆ ಗಾಳಿ ಹೋಗುವುದು ನಿಲ್ಲುತ್ತದೆ. ಅಲ್ಲಿರುವ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಒಂದೆರಡು ದಿನದಲ್ಲಿ ಮುಗಿಸುತ್ತವೆ. ಆಮೇಲೆ ಅವು ಕ್ರಮವಾಗಿ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್ ಬಳಸುತ್ತಾ ಹೋಗುತ್ತವೆ. ಇವೆಲ್ಲ ಖಾಲಿಯಾದ ಮೇಲೆ ಮಿಥೇನ್ ಮಾಡುವ ಜೀವಿಗಳ ಸರದಿ. ಕೊಳೆಯುವ ಕೂಳೆ, ಹುಲ್ಲು, ಬೇರು ಅವುಗಳ ಆಹಾರ. ಹುಟ್ಟಿದ ಅನಿಲದ ಬಹುಪಾಲು ಗುಳ್ಳೆಯಾಗಿ ಬರುವುದಿಲ್ಲ. ಬೇರಿಗೆ ಗಾಳಿ ಒಯ್ಯಲು ಭತ್ತದ ಕಾಂಡದೊಳಗೆ ಟೊಳ್ಳು ನಾಳಗಳಿವೆ, ಅದೇ ದಾರಿಯಲ್ಲಿ ಮಿಥೇನ್ ಮೇಲಕ್ಕೆ ಬರುತ್ತದೆ.

ಒಂದು ಬುಡ ಕಿತ್ತು ತೊಳೆದು ನೋಡಿ. ಬೇರು ಬಿಳಿ ಅಥವಾ ತುಕ್ಕಿನ ಬಣ್ಣದ್ದಾಗಿದ್ದರೆ ಅಲ್ಲಿ ಗಾಳಿಯಾಡುತ್ತಿದೆ. ಕಪ್ಪಗಾಗಿ, ಎಳೆದರೆ ಕಿತ್ತು ಬರುವಂತಿದ್ದರೆ ಮಣ್ಣು ಬಹಳ ದಿನದಿಂದ ಉಸಿರು ಕಟ್ಟಿದೆ. ಅಂಥ ಗದ್ದೆಯಲ್ಲಿ ಅನಿಲವೂ ಹೆಚ್ಚು, ಗೊಬ್ಬರ ಎಷ್ಟು ಹಾಕಿದರೂ ಪೈರು ಎಳೆದುಕೊಳ್ಳುವುದು ಕಡಿಮೆ.

ಪ್ರಶ್ನೆ: ಕೆಸರು ತುಳಿದಾಗ ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ, ಅದೇನಾ ಮಿಥೇನ್?

ಉತ್ತರ (ಮಣ್ಣು ವಿಜ್ಞಾನಿ): ಅಲ್ಲ. ಅದು ಹೈಡ್ರೋಜನ್ ಸಲ್ಫೈಡ್. ಮಿಥೇನ್‌ಗೆ ವಾಸನೆ ಇಲ್ಲ. ಆದರೆ ಎರಡೂ ಹುಟ್ಟುವುದು ಗಾಳಿಯಿಲ್ಲದ ಕೆಸರಿನಲ್ಲೇ.

ಪ್ರಶ್ನೆ (ಸಿಂಧನೂರು): ಕಟ್ಟಿ ಬಿಡುವ ನೀರು, ಅಂದರೆ ಒಮ್ಮೆ ಕಟ್ಟಿ ಒಮ್ಮೆ ಆರಿಸುವ ಪದ್ಧತಿ ಮಾಡೋದು ಹೇಗೆ? ನಮ್ಮದು ಎರೆಭೂಮಿ. ಒಣಗಿದರೆ ಬಿರುಕು ಬಿಡುತ್ತೆ, ಇಳುವರಿ ಹೋಗುತ್ತೆ ಅನ್ನೋ ಭಯ.

ಉತ್ತರ (ಬೇಸಾಯ ತಜ್ಞರು): ಭಯ ಸರಿಯಾದದ್ದೇ, ಎರೆಭೂಮಿಯಲ್ಲಿ ಈ ಪದ್ಧತಿ ಕೆಡುವುದು ಅಲ್ಲೇ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದಕ್ಕೆಂದು ಒಂದು ಕೊಳವೆಯ ಉಪಾಯ ಕೊಟ್ಟಿದೆ. 4 ಅಥವಾ 6 ಇಂಚಿನ ಪಿವಿಸಿ ಪೈಪ್ ತೆಗೆದುಕೊಂಡು 30 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಕೆಳಗಿನ 15 ಸೆಂ.ಮೀ. ಭಾಗಕ್ಕೆ ಸುತ್ತಲೂ 5 ಮಿ.ಮೀ. ಬಿಟ್‌ನಿಂದ 2 ಸೆಂ.ಮೀ. ಅಂತರದಲ್ಲಿ ತೂತು ಕೊರೆಯಿರಿ. ತೂತಿರುವ ಭಾಗ ಮಣ್ಣೊಳಗೆ, ಉಳಿದ 15 ಸೆಂ.ಮೀ. ಮೇಲೆ ಕಾಣುವಂತೆ ಹೂಳಿ. ಆಮೇಲೆ ಪೈಪಿನೊಳಗಿನ ಮಣ್ಣನ್ನು ತಳ ಕಾಣುವವರೆಗೆ ತೆಗೆದುಹಾಕಬೇಕು. ಬಹಳ ಜನ ಮರೆಯುವುದು ಇದನ್ನೇ. ನೀರು ಕಟ್ಟಿದಾಗ ಒಳಗಿನ ಮಟ್ಟವೂ ಹೊರಗಿನ ಮಟ್ಟವೂ ಒಂದೇ ಇರಬೇಕು. ಇಲ್ಲದಿದ್ದರೆ ತೂತು ಕೆಸರಿನಿಂದ ಮುಚ್ಚಿದೆ ಎಂದರ್ಥ. ಪೈಪ್ ಕಿತ್ತು ತೊಳೆದು, ತೂತಿನ ಭಾಗಕ್ಕೆ ನೈಲಾನ್ ಜಾಲರಿ ಸುತ್ತಿ ಮತ್ತೆ ಹೂಳಿ. ಬದುವಿನಿಂದ ಒಂದು ಮೀಟರಾದರೂ ಒಳಗೆ, ತಗ್ಗೂ ಅಲ್ಲದ ದಿಣ್ಣೆಯೂ ಅಲ್ಲದ ಜಾಗದಲ್ಲಿ, ಮಡಿಗೊಂದು ಇರಲಿ.

ನಾಟಿಯಾಗಿ ಎರಡು ವಾರ ನೀರು ನಿಲ್ಲಿಸಿ, ಕಳೆ ಹತೋಟಿಗೆ ಬರಬೇಕು. ಕಳೆ ಜಾಸ್ತಿಯಿದ್ದರೆ ಮೂರು ವಾರ. ಅಲ್ಲಿಂದ ಮುಂದೆ 5 ಸೆಂ.ಮೀ. ನೀರು ಕಟ್ಟಿ ಬಿಟ್ಟುಬಿಡಿ. ಪೈಪಿನೊಳಗೆ ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ 5 ಸೆಂ.ಮೀ. ಕಟ್ಟಿ. ತೆನೆ ಹೂ ಬಿಡುವ ಒಂದು ವಾರ ಮೊದಲಿನಿಂದ ಹೂ ಮುಗಿದ ಒಂದು ವಾರದವರೆಗೆ ಮಾತ್ರ ಆರಿಸಲೇಬಾರದು.

ಎರೆಭೂಮಿಯವರು 15ರ ಬದಲು 10 ಸೆಂ.ಮೀ.ಗೇ ನೀರು ಕೊಡಿ. ಕೂದಲೆಳೆಯ ಬಿರುಕು ಕಂಡರೆ ಪೈಪ್ ಏನೇ ಹೇಳಲಿ, ನೀರು ಹಾಯಿಸಿ. ಬೆರಳು ತೂರುವಷ್ಟು ಬಿರುಕು ಬಿಟ್ಟ ಮೇಲೆ ಕಟ್ಟಿದ ನೀರು ಬಿರುಕಿನಲ್ಲೇ ಪಾತಾಳ ಸೇರುತ್ತದೆ. ಉಳಿಸುವುದಿರಲಿ, ಮೊದಲಿಗಿಂತ ಹೆಚ್ಚು ನೀರು ಬೇಕಾಗುತ್ತದೆ. ಗದ್ದೆ ಸಮತಟ್ಟಾಗಿಲ್ಲದಿದ್ದರೆ ದಿಣ್ಣೆಯಲ್ಲಿ ಬಿರುಕು, ತಗ್ಗಿನಲ್ಲಿ ನೀರು. ಅಂಥವರು ಪೈಪಿಗಿಂತ ಮೊದಲು ಲೇಸರ್ ಲೆವೆಲರ್‌ಗೆ ದುಡ್ಡು ಹಾಕುವುದು ಒಳ್ಳೆಯದು. ಸರಿಯಾಗಿ ಮಾಡಿದರೆ ನೂರಕ್ಕೆ 15ರಿಂದ 30ರಷ್ಟು ನೀರು ಉಳಿಯುತ್ತದೆ, ಇಳುವರಿ ಇಳಿಯುವುದಿಲ್ಲ.

ಮಣ್ಣು ವಿಜ್ಞಾನಿ: ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಮಣ್ಣಿಗೆ ಗಾಳಿ ಸಿಕ್ಕಾಗ ಕಬ್ಬಿಣ ಮತ್ತೆ ತುಕ್ಕಿನ ರೂಪಕ್ಕೆ ತಿರುಗುತ್ತದೆ. ಮತ್ತೆ ನೀರು ಕಟ್ಟಿದರೂ ಸೂಕ್ಷ್ಮಜೀವಿಗಳು ಮೊದಲು ಆ ಕಬ್ಬಿಣವನ್ನು ಮುಗಿಸಬೇಕು, ಆಮೇಲೆಯೇ ಮಿಥೇನ್. ಹಾಗಾಗಿ ಆರಿಸಿದ ದಿನಗಳಲ್ಲಷ್ಟೇ ಅಲ್ಲ, ನೀರು ಕಟ್ಟಿದ ಮೇಲಿನ ಹಲವು ದಿನವೂ ಅನಿಲ ಕಡಿಮೆ.

ಪ್ರಶ್ನೆ (ಮಾನ್ವಿ, ಕಾಲುವೆಯ ಕೊನೇ ಭಾಗ): ನಮಗೆ ನೀರು ಬರೋದೇ ಸರದಿ ಮೇಲೆ. ಈ ಸಲ ಬಿಟ್ಟರೆ ಮತ್ತೆ ಯಾವಾಗ ಅಂತ ಗೊತ್ತಿಲ್ಲ. ಪೈಪ್ ನೋಡಿ ನೀರು ಕಟ್ಟೋದು ನಮ್ಮ ಕೈಲಿದೆಯಾ?

ಉತ್ತರ (ನೀರಾವರಿ ಎಂಜಿನಿಯರ್): ಇಲ್ಲ, ನಿಮ್ಮ ಕೈಯಲ್ಲಿಲ್ಲ. ಇದು ಒಬ್ಬೊಬ್ಬರೇ ಮಾಡುವ ಕೆಲಸವಲ್ಲ. ಕಾಲುವೆಯ ಮೇಲ್ಭಾಗದವರು ಮಡಿಯಿಂದ ಮಡಿಗೆ ನೀರು ಹರಿಸುತ್ತಾ ಇಡೀ ಹಂಗಾಮು ನಿಲ್ಲಿಸಿಕೊಂಡರೆ ಕೊನೆಯವರ ಗದ್ದೆ ತಾನಾಗಿಯೇ ಒಣಗುತ್ತದೆ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105.788 ಟಿಎಂಸಿಗೆ ಇಳಿದಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ, ಅಂದರೆ ಮಳೆ ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಅದನ್ನು ಹಿಡಿದಿಡಲು ಜಾಗ ಕಡಿಮೆಯಾದಷ್ಟೂ ಉಳಿದದ್ದು ನದಿಗೆ ಹೋಗುತ್ತದೆ. ನಿಜವಾದ ಪರಿಹಾರ ನೀರು ಬಳಕೆದಾರರ ಸಂಘದ ಮಟ್ಟದಲ್ಲೇ ಆಗಬೇಕು: ಮೇಲ್ಭಾಗದ ತೂಬುಗಳಿಗೆ ದಿನ ಗೊತ್ತುಮಾಡಿ, ಅಲ್ಲಿ ಉಳಿದ ನೀರು ಕೆಳಕ್ಕೆ ಬರುವಂತೆ ಸರದಿ ಬರೆದಿಡುವುದು.

ಅದಾಗುವವರೆಗೆ ಸರದಿಯವರಿಗೆ ಹೊಂದುವುದು ನಡುಗಾಲದ ಒಂದೇ ಆರಿಕೆ. ನಾಟಿಯಾದ 30ರಿಂದ 40 ದಿನದ ನಡುವೆ, ತೆಂಡೆ (ಬುಡದಿಂದ ಬರುವ ಮರಿಕಾಂಡ) ಒಡೆಯುವುದು ಮುಗಿಯುತ್ತಾ ಬಂದಾಗ, ಕಾಲುವೆ ನಿಲ್ಲುವ ದಿನಗಳಿಗೆ ಹೊಂದಿಸಿ 5ರಿಂದ 7 ದಿನ ನೀರು ಬಸಿದುಬಿಡಿ. ತೆನೆ ಬಾರದ ತೆಂಡೆಗಳೂ ಇದರಿಂದ ಕಡಿಮೆಯಾಗುತ್ತವೆ. ವಿಶ್ವಸಂಸ್ಥೆಯ ಅಂತರ ಸರ್ಕಾರಿ ಹವಾಮಾನ ಸಮಿತಿಯ (ಐಪಿಸಿಸಿ) 2019ರ ಮಾರ್ಗಸೂಚಿಯ ಪ್ರಕಾರ ಸದಾ ನೀರು ನಿಂತ ಗದ್ದೆಗೆ ಹೋಲಿಸಿದರೆ ಒಂದು ಆರಿಕೆಗೆ ಮಿಥೇನ್ ನೂರಕ್ಕೆ 29, ಹಲವು ಆರಿಕೆಗೆ 45ರಷ್ಟು ಇಳಿಯುತ್ತದೆ.

ಪ್ರಶ್ನೆ (ಸಿರುಗುಪ್ಪ): ನಮ್ಮದು ಸವಳು ಹತ್ತಿದ ಗದ್ದೆ. ಮಾಡಬಹುದಾ?

ಉತ್ತರ (ಮಣ್ಣು ವಿಜ್ಞಾನಿ): ಬೇಡ. ನಿಂತ ನೀರು ಉಪ್ಪನ್ನು ಕೆಳಕ್ಕೆ ಒತ್ತಿಡುತ್ತದೆ, ಆರಿಸಿದರೆ ಅದು ಬೇರಿನ ಮಟ್ಟಕ್ಕೆ ಏರಿ ಬರುತ್ತದೆ. ಮಣ್ಣಿನ ಲವಣಾಂಶ ಮೀಟರಿಗೆ 3 ಡೆಸಿಸೀಮನ್ಸ್ ದಾಟಿದ್ದರೆ ಮೊದಲು ಬಸಿಗಾಲುವೆ ಸರಿಮಾಡಿ.

ಪ್ರಶ್ನೆ (ಗಂಗಾವತಿ): ಕಂಪನಿಯವರು ಹೇಳುವ ಕಾರ್ಬನ್ ದುಡ್ಡು, ಅಂದರೆ ತಪ್ಪಿಸಿದ ಅನಿಲಕ್ಕೆ ಟನ್ನಿನ ಲೆಕ್ಕದಲ್ಲಿ ಕೊಡುವ ಹಣ, ಎಕರೆಗೆ ಎಷ್ಟು ಅನಿಲಕ್ಕೆ ಸಿಗಬಹುದು? ಗದ್ದೆ ಆರಿಸಿದರೆ ಬೇರೆ ಅನಿಲ ಹೆಚ್ಚಾಗುತ್ತೆ ಅಂತಲೂ ಓದಿದೆ.

ಉತ್ತರ (ಮಣ್ಣು ವಿಜ್ಞಾನಿ): ಓದಿದ್ದು ನಿಜ, ಅದು ನೈಟ್ರಸ್ ಆಕ್ಸೈಡ್. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ನ 273 ಪಟ್ಟು. ಲೆಕ್ಕ ಮಾಡೋಣ. ದಕ್ಷಿಣ ಏಷ್ಯಾಕ್ಕೆ ಹವಾಮಾನ ಸಮಿತಿಯ ಅದೇ ಮಾರ್ಗಸೂಚಿ ಕೊಡುವ ಅಂಕಿ ಹೆಕ್ಟೇರಿಗೆ ದಿನಕ್ಕೆ 0.85 ಕೆಜಿ ಮಿಥೇನ್. 120 ದಿನಕ್ಕೆ 102 ಕೆಜಿ. ಹಲವು ಆರಿಕೆಯಿಂದ ಅದರಲ್ಲಿ ನೂರಕ್ಕೆ 45 ಭಾಗ ತಪ್ಪಿದರೆ 46 ಕೆಜಿ, 27ರಿಂದ ಗುಣಿಸಿದರೆ ಸುಮಾರು 1,240 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಎಕರೆಗೆ ಅರ್ಧ ಟನ್. ಹೆಕ್ಟೇರಿಗೆ 150 ಕೆಜಿ ಸಾರಜನಕ ಹಾಕಿದ ಗದ್ದೆಯಲ್ಲಿ ಆರಿಸಿದ್ದಕ್ಕೆ ಹೆಚ್ಚುವ ನೈಟ್ರಸ್ ಆಕ್ಸೈಡ್ ಎಕರೆಗೆ 50 ಕೆಜಿಯಷ್ಟು ತಿನ್ನುತ್ತದೆ. ನಿವ್ವಳ ಉಳಿತಾಯ ಎಕರೆಗೆ, ಒಂದು ಬೆಳೆಗೆ, ಸುಮಾರು 450 ಕೆಜಿ. ಇದಕ್ಕಿಂತ ಬಹಳ ಹೆಚ್ಚು ಹೇಳುವವರನ್ನು ಲೆಕ್ಕ ತೋರಿಸಿ ಎಂದು ಕೇಳಿ.

ಯೂರಿಯಾ ಹೆಚ್ಚು ಹಾಕುವವರಿಗೆ ಈ ಉಳಿತಾಯ ಕರಗುತ್ತದೆ. ಮೇಲಿನ ಪ್ರಮಾಣಕ್ಕೆ ಎಕರೆಗೆ 45 ಕೆಜಿಯ ಮೂರು ಚೀಲ ಸಾಕು, ಅದೂ ಮೂರು ಕಂತಿನಲ್ಲಿ, ಕಾಂಪ್ಲೆಕ್ಸ್ ಗೊಬ್ಬರದ ಸಾರಜನಕ ಕಳೆದು. ನಿಂತ ನೀರಿಗೆ ಎರಚಬೇಡಿ, ಬಿಸಿಲಿಗೆ ಅಮೋನಿಯಾ ಆಗಿ ಹಾರುತ್ತದೆ. ಗದ್ದೆ ಆರಿದ್ದಾಗ ಹಾಕಿ, ಕೂಡಲೇ ನೀರು ಕಟ್ಟಿ. ನೀರಿನ ಜೊತೆ ಬೇರಿಗಿಳಿಯುತ್ತದೆ.

ಒಪ್ಪಂದದಲ್ಲಿ ಟನ್ನಿಗೆ ನಿಮ್ಮ ಪಾಲೆಷ್ಟು, ಎಷ್ಟು ವರ್ಷ ಕಟ್ಟುಪಾಡು, ನಡುವೆ ಬಿಡಬಹುದೇ, ಅಳೆಯುವವರು ಯಾರು, ಇಳುವರಿ ಕೆಟ್ಟರೆ ಹೊಣೆ ಯಾರದು ಎಂಬುದು ಕನ್ನಡದಲ್ಲಿ ಬರೆದಿರಲಿ. ಇನ್ನೊಂದು: ನೀರಿಲ್ಲದೆ ಮೊದಲೇ ಒಣಗುತ್ತಿದ್ದ ಕೊನೇ ಭಾಗದ ಗದ್ದೆಯಲ್ಲಿ ಹೊಸದಾಗಿ ಉಳಿದ ಅನಿಲವೇ ಇಲ್ಲ. ಅಂಥ ಗದ್ದೆ ಸೇರಿಸಿಕೊಂಡ ಯೋಜನೆ ಪರಿಶೀಲನೆಯಲ್ಲಿ ಬಿದ್ದುಹೋಗಬಹುದು.

ಪ್ರಶ್ನೆ: ಹುಲ್ಲು ಸುಡಬೇಡಿ, ಮಣ್ಣಿಗೆ ಸೇರಿಸಿ ಅಂತಾರಲ್ಲ, ಅದು?

ಉತ್ತರ (ಬೇಸಾಯ ತಜ್ಞರು): ಸುಡಬೇಡಿ, ಹುಲ್ಲಿನಲ್ಲಿರುವ ಸಾರಜನಕವೆಲ್ಲ ಹೊಗೆಯಾಗುತ್ತದೆ. ಆದರೆ ಸೇರಿಸುವ ಹೊತ್ತು ಬಹಳ ಮುಖ್ಯ. ಎಕರೆಗೆ 2 ಟನ್ ಒಣಹುಲ್ಲನ್ನು ನಾಟಿಗೆ ಮುಂಚಿನ ಒಂದು ತಿಂಗಳೊಳಗೆ ಸೇರಿಸಿ ನೀರು ಕಟ್ಟಿದರೆ, ಹುಲ್ಲು ಸೇರಿಸದ ಗದ್ದೆಗೆ ಹೋಲಿಸಿದರೆ ಮಿಥೇನ್ ಸುಮಾರು 2.9 ಪಟ್ಟಾಗುತ್ತದೆ. ತಿಂಗಳಿಗೂ ಮೊದಲೇ ಸೇರಿಸಿ ಒಣ ಮಣ್ಣಲ್ಲಿ ಕೊಳೆಯಲು ಬಿಟ್ಟರೆ 1.5 ಪಟ್ಟು. ಡಿಸೆಂಬರಿನಲ್ಲಿ ಕೊಯ್ದು ಜನವರಿಯಲ್ಲಿ ನಾಟಿ ಮಾಡುವವರಿಗೆ ಅಷ್ಟು ಸಮಯವಿಲ್ಲ. ಬೇಲರ್‌ನಿಂದ ಕಟ್ಟಿಸಿ ದನಕ್ಕೆ ಕೊಡಿ, ಇಲ್ಲವೇ ಕಾಂಪೋಸ್ಟ್ ಮಾಡಿ ತನ್ನಿ.

ಪ್ರಶ್ನೆ (ಸಿಂಧನೂರು): ಬೇಸಿಗೆ ಬೆಳೆಯಲ್ಲಿ ಜೊಳ್ಳು ಜಾಸ್ತಿ ಬರ್ತಿದೆ. ಇದು ಬಿಸಿಲಿಂದಲೇನಾ?

ಉತ್ತರ (ಬೇಸಾಯ ತಜ್ಞರು): ಜೊಳ್ಳಿಗೆ ಕೀಟ, ರೋಗವೂ ಕಾರಣವಿರಬಹುದು, ಅದನ್ನು ಮೊದಲು ನೋಡಿ. ಬಿಸಿಲಿನ ಜೊಳ್ಳಾದರೆ ಗೊತ್ತಾಗುತ್ತದೆ: ತೆನೆ ಆರೋಗ್ಯವಾಗಿರುತ್ತದೆ, ಕಾಳಿನ ಸಿಪ್ಪೆ ಹಿಚುಕಿದರೆ ಒಳಗೆ ಏನೂ ಇರುವುದಿಲ್ಲ. ಭತ್ತದ ಹೂ ಅರಳುವುದು ಬೆಳಗ್ಗೆ 9ರಿಂದ 12ರೊಳಗೆ. ಆ ಹೊತ್ತಿಗೆ ತೆನೆಯ ಬಿಸಿ 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಕಾಳು ಕಟ್ಟುವುದಿಲ್ಲ, ಒಂದು ಗಂಟೆ ಸಾಕು. ರಾತ್ರಿಯ ಸೆಕೆಯೂ ಕಡಿಮೆಯಲ್ಲ. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳಲ್ಲಿ 1992ರಿಂದ 2003ರವರೆಗಿನ ಇಳುವರಿ ನೋಡಿದಾಗ, ಬೇಸಿಗೆ ಬೆಳೆಯಲ್ಲಿ ರಾತ್ರಿಯ ಉಷ್ಣಾಂಶ ಒಂದು ಡಿಗ್ರಿ ಏರಿದರೆ ನೂರಕ್ಕೆ 10ರಷ್ಟು ಇಳುವರಿ ಇಳಿದಿತ್ತು.

ಮಾಡಬೇಕಾದ್ದು ತಳಿ ಮತ್ತು ದಿನದ ಹೊಂದಾಣಿಕೆ. ಡಿಸೆಂಬರ್ 15ಕ್ಕೆ ಸಸಿಮಡಿ ಹಾಕಿದರೆ 145 ದಿನದ ಬಿಪಿಟಿ 5204 ಹೂವಿಗೆ ಬರುವುದು ಏಪ್ರಿಲ್ ಎರಡನೇ ವಾರದಲ್ಲಿ, ಸುಡು ಬಿಸಿಲಿಗೆ. ಅದೇ ದಿನ ಹಾಕಿದ 125 ದಿನದ ಆರ್‌ಎನ್‌ಆರ್ 15048 ಮಾರ್ಚ್ 20ರ ಸುಮಾರಿಗೆ ಹೂ ಬಿಡುತ್ತದೆ. ಮಾರ್ಚ್‌ನಲ್ಲೂ ಮಧ್ಯಾಹ್ನ ಬಿಸಿಲಿರುತ್ತದೆ, ಆದರೆ ಹೂ ಅರಳುವ ಬೆಳಗಿನ ಹೊತ್ತು ಅಷ್ಟು ಸುಡುವುದಿಲ್ಲ. ಹೂ ಬಿಡುವ ಎರಡು ವಾರ 5 ಸೆಂ.ಮೀ. ನೀರು ಕದಲದಂತೆ ಇರಲಿ. ನಮ್ಮ ಒಣಗಾಳಿಯಲ್ಲಿ ಬೇರಿಗೆ ನೀರು ಸಿಕ್ಕಷ್ಟೂ ಪೈರು ಬೆವರಿ ತೆನೆಯನ್ನು ಸುತ್ತಲಿನ ಗಾಳಿಗಿಂತ ತಂಪಾಗಿ ಇಟ್ಟುಕೊಳ್ಳುತ್ತದೆ. ಕಾಲುವೆ ಸರದಿ ಆ ವಾರಗಳಲ್ಲಿ ತಪ್ಪುವಂತಿದ್ದರೆ ಮೊದಲೇ ಸಂಘದಲ್ಲಿ ಹೇಳಿ ದಿನ ಬದಲಿಸಿಕೊಳ್ಳಿ. ಬೇರೆ ವಾರದ ನೀರು ಬಿಟ್ಟುಕೊಟ್ಟರೂ ಚಿಂತೆಯಿಲ್ಲ.